ನೀರು ಕಾಣದ ಸೋಪು

ಗುದ್ದಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೊದಲು ಗುದ್ದಿ, ಆಮೇಲೆ ವಿಷಯ ಏನೆಂದು ವಿಚಾರಿಸುವವನಿಗೆ ಬೀದಿಯವರು ಕೊಟ್ಟ ಬಿರುದು ಅದು. ಲಾರಿಗಳ ಸ್ಪ್ರಿಂಗ್ ಪಟ್ಟಿ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಅವನು ಸುತ್ತಿಗೆಯಾಳು. ಭಾರ ಹೊತ್ತು ಹೊತ್ತು ಚಪ್ಪಟೆಯಾದ ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಎಂಟು ಕಿಲೋ ಸುತ್ತಿಗೆಯಿಂದ ಬಡಿದು, ಮತ್ತೆ ಬಿಲ್ಲಿನಂತೆ ಬಗ್ಗಿಸುವುದು ಅವನ ಕೆಲಸ. ದಿನವಿಡೀ ಕಬ್ಬಿಣಕ್ಕೆ ಬಡಿದವನಿಗೆ ಮನೆಗೆ ಬಂದ ಮೇಲಾದರೂ ಸಾಕು ಅನ್ನಿಸಬೇಕಿತ್ತು. ಅನ್ನಿಸುತ್ತಿರಲಿಲ್ಲ.

ಇಪ್ಪತ್ತೆರಡನೇ ವಯಸ್ಸಿನಲ್ಲಿ, ಹಿಂದಿನಿಂದ ಹಾರನ್ ಹೊಡೆದನೆಂದು ಒಬ್ಬ ಡ್ರೈವರನ ಎರಡು ಹಲ್ಲು ಉದುರಿಸಿದ. ಕೇಳದೆ ಸೈಕಲ್ಲು ಒಯ್ದನೆಂದು ಸ್ವಂತ ತಮ್ಮನ ಮೂಗು ಮುರಿದ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಅನ್ನುತ್ತಾರಲ್ಲ, ಆ ಮೂಗು ಇವತ್ತಿಗೂ ಎಡಕ್ಕೆ ತಿರುಗಿಕೊಂಡೇ ಇದೆ, ತಮ್ಮನೂ ಅಣ್ಣನ ಮನೆಯ ಕಡೆ ತಿರುಗಿ ನೋಡಿಲ್ಲ. ಇಪ್ಪತ್ತಾರನೇ ವಯಸ್ಸಿನಲ್ಲಿ, ಶರ್ಟಿಗೆ ಗುಂಡಿ ಹೊಲಿದಿಲ್ಲವೆಂದು ಹೆಂಡತಿಯ ಎಡಗೈ ತಿರುಚಿ ಮಣಿಕಟ್ಟು ಮುರಿದ. ಒಂದು ಗುಂಡಿ, ಸ್ವಾಮಿ! ಮಗಳಿಗೆ ಆಗ ಎಂಟು ತಿಂಗಳು. ಮೂಳೆ ಲಟಕ್ಕೆಂದಾಗ ಮಗು ಅದನ್ನೂ ಆಟವೆಂದುಕೊಂಡು ನಕ್ಕಿತಂತೆ.

ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಬಂದ ಹೆಂಡತಿ ಅಳಲಿಲ್ಲ, ಬೈಯಲಿಲ್ಲ.

"ಇನ್ನೊಂದ್ಸಲ ನನ್ನ ಮೇಲೆ ಕೈ ಎತ್ತಿದ್ರೆ ಮಗೂನ ಎತ್ಕೊಂಡು ಹೋಗ್ತೀನಿ. ಹುಡುಕಿದ್ರೂ ಸಿಗಲ್ಲ" ಅಂದಳು.

"ಕೋಪ ಬಂದ್ರೆ ನನ್ನ ಕೈ ನನ್ನ ಮಾತು ಕೇಳಲ್ಲ ಕಣೇ" ಅಂದ ಗುದ್ದಪ್ಪ. ನಿಜಕ್ಕೂ ಹಾಗೆಂದೇ ಅವನು ನಂಬಿದ್ದ.

ಆ ಕೈಗೆ ಮದ್ದು ಹೇಳಿದವನು ಬೀದಿ ತಿರುವಿನ ಕ್ಷೌರದಂಗಡಿಯ ಮುದುಕ. ಅಂಗಡಿ ಮುಚ್ಚುವ ವಾರ ಅವನು ಗುದ್ದಪ್ಪನನ್ನು ಕರೆದು, ಒಂದು ತಗಡಿನ ಪೆಟ್ಟಿಗೆ ಕೈಗಿಟ್ಟ. ಒಳಗೆ ಹಳೆಯ ಕಾಲದ ಗಡ್ಡದ ಸೋಪುಗಳು. ಕೊಬ್ಬಿನಿಂದ ಮಾಡಿ, ವರ್ಷಗಟ್ಟಲೆ ಒಣಗಿ, ಮೂಳೆಯಷ್ಟು ಗಟ್ಟಿಯಾದ ಬಿಲ್ಲೆಗಳು. "ಕೋಪ ಬಂದ ತಕ್ಷಣ ಬಚ್ಚಲಿಗೆ ಹೋಗು. ಇದರ ಮೇಲೆ ಬ್ರಶ್ಶು ತಿರುಗಿಸ್ತಾ ನೊರೆ ಬರ್ಸು. ಆಮೇಲೆ ಗಡ್ಡಕ್ಕೆ ಕತ್ತಿ ಹಿಡಿ. ನಡುಗೋ ಕೈಲಿ ಕತ್ತಿ ಹಿಡಿದ್ರೆ ಯಾರ ಮುಖ ಕುಯ್ಯತ್ತೆ? ನಿಂದೇ ತಾನೇ!"

ಮುದುಕನ ಮಾತು ಕೆಲಸ ಮಾಡಿತು. ಡಬ್ಬಿಯಿಂದ ಬುಸ್ಸೆಂದು ಬರುವ ಈಗಿನ ನೊರೆಯಿಂದ ಆಗುವ ಕೆಲಸವಲ್ಲ ಅದು. ಅದು ಬರುವಷ್ಟರಲ್ಲಿ ಕೋಪಕ್ಕೆ ಚಪ್ಪಲಿ ಬಿಚ್ಚಲೂ ಸಮಯವಿರುವುದಿಲ್ಲ. ಹಳೆಯ ಸೋಪು ಹಾಗಲ್ಲ. ಬಿಸಿನೀರಿನಲ್ಲಿ ಬ್ರಶ್ಶು ನೆನೆಸಿ, ಒದರಿ, ತಿರುಗಿಸಿದರೆ ಮೊದಲು ತೆಳ್ಳಗೆ ಹಾಲಿನಂಥ ನೀರು. ಇನ್ನೂ ತಿರುಗಿಸಿದರೆ ಗುಳ್ಳೆ. ಮತ್ತೂ ತಿರುಗಿಸಿದರೆ ಬ್ರಶ್ಶನ್ನು ತಲೆಕೆಳಗು ಮಾಡಿದರೂ ಬೀಳದ ದಟ್ಟ ನೊರೆ. ಅಷ್ಟು ಹೊತ್ತಿಗೆ ಕೈಯ ನಡುಕ ನಿಂತಿರುತ್ತಿತ್ತು. ಮೊದಲ ವರ್ಷ ದಿನಕ್ಕೆ ಮೂರು ಸಲ ಗಡ್ಡ ಕೆರೆದುಕೊಂಡ. ಬೆಳೆಯದ ಗಡ್ಡವನ್ನು ಕೆರೆದೂ ಕೆರೆದೂ ಕೆನ್ನೆ ಉತ್ತ ಹೊಲದಂತಾಯಿತು. ವರ್ಕ್‌ಶಾಪಿನವರು ನಕ್ಕರು, ಆದರೆ ದೂರ ನಿಂತೇ ನಕ್ಕರು.

ಪೆಟ್ಟಿಗೆ ಖಾಲಿಯಾದ ಮೇಲೆ ಸೋಪು ಹುಡುಕುವ ಹುಚ್ಚು ಹತ್ತಿತು. ಬಾಗಿಲು ಹಾಕಿದ ಅಂಗಡಿಗಳ ಹಿಂದಿನ ಕೋಣೆ, ಗುಜರಿ ರಾಶಿ, ತೀರಿಹೋದವರ ಟ್ರಂಕು, ಎಲ್ಲಿ ಅಂದರಲ್ಲಿ ಕೈ ಹಾಕಿದ. ಮರದ ಬಟ್ಟಲಿನಲ್ಲಿದ್ದವು, ತಗಡಿನ ಡಬ್ಬಿಯಲ್ಲಿದ್ದವು, ಹಳದಿಗಟ್ಟಿದ ಕಾಗದದಲ್ಲಿ ಸುತ್ತಿದವು. ಒಂದರ ಮೇಲೆ ಲಂಗರಿನ ಮುದ್ರೆ, ಒಂದರ ಮೇಲೆ ಎರಡು ಗುಂಡಿನ ಡಂಬೆಲ್ಲು, ಒಂದರ ಮೇಲೆ ಮೀಸೆಯ ಮುಖ. ಬಚ್ಚಲ ಮನೆಯ ಗೋಡೆಗೆ ಮೂರು ಹಲಗೆ ಹೊಡೆದು ಜೋಡಿಸಿದ. ಬೇರೆಯವರು ವಾಸನೆ ನೋಡಿ, ವರ್ಷ ನೋಡಿ ಸೋಪು ಜೋಡಿಸುತ್ತಾರೆ. ಗುದ್ದಪ್ಪ ನಿಮಿಷ ನೋಡಿ ಜೋಡಿಸಿದ. ನಾಲ್ಕು ನಿಮಿಷದಲ್ಲಿ ನೊರೆ ನಿಲ್ಲುವುದು ಕೆಳಗಿನ ಹಲಗೆಗೆ, ಸಣ್ಣ ಕೋಪಕ್ಕೆ. ಲಂಗರು ಒಂಬತ್ತು ನಿಮಿಷದ್ದು, ದೊಡ್ಡ ಕೋಪಕ್ಕೆ.

ಗಾಜಿನ ಕಪಾಟಿನಲ್ಲಿ ಸೋಪಿಟ್ಟು ಮುಟ್ಟದೆ ಕಾಯುವ ಸಂಗ್ರಹಕಾರರೊಬ್ಬರು ಒಮ್ಮೆ ಇವನನ್ನು ಹುಡುಕಿಕೊಂಡು ಬಂದರು. ಇವನು ಎಲ್ಲವನ್ನೂ ನೆನೆಸಿ ಬಳಸುತ್ತಾನೆಂದು ಕೇಳಿ ಎದೆ ಹಿಡಿದುಕೊಂಡರು. "ಮೊದಲ ಸಲ ನೀರು ಸೋಕಿದ್ರೆ ಸಾಕು ಕಣಯ್ಯ, ಮುದ್ರೆಯ ಅಂಚು ಕರಗಿಬಿಡತ್ತೆ. ಎಷ್ಟು ಒಣಗಿಸಿದ್ರೂ ಆ ಅಂಚು ವಾಪಸ್ ಬರಲ್ಲ. ನೀರು ಕಂಡಿದೆಯೋ ಇಲ್ಲವೋ ಅಂತ ಒಂದೇ ನೋಟಕ್ಕೆ ಹೇಳ್ಬಹುದು" ಅಂದರು. ಗುದ್ದಪ್ಪ ತಲೆಯಾಡಿಸಿದ. ಅವನಲ್ಲೂ ಒಂದೇ ಒಂದು ನೀರು ಕಾಣದ ಸೋಪಿತ್ತು. ಮುದುಕನ ಪೆಟ್ಟಿಗೆಯಿಂದ ಬಳಸದೆ ಉಳಿಸಿಕೊಂಡದ್ದು, ಹುಂಜದ ಮುದ್ರೆಯದು, ಅಂಗೈ ತುಂಬುವಷ್ಟು ದೊಡ್ಡದು, ಎಲ್ಲಕ್ಕಿಂತ ಗಟ್ಟಿ. ಅದಕ್ಕೆ ನೊರೆ ಬರಲು ಅರ್ಧ ಗಂಟೆ ಬೇಕೆಂದು ಮುದುಕ ಹೇಳಿದ್ದ. ಕೊಲೆ ಮಾಡುವಂಥ ಕೋಪ ಬಂದರೆ ಇರಲಿ ಎಂದು ಗುದ್ದಪ್ಪ ಅದನ್ನು ಮೇಲಿನ ಹಲಗೆಯಲ್ಲಿಟ್ಟಿದ್ದ.

ಇಪ್ಪತ್ನಾಲ್ಕು ವರ್ಷ ಅವನು ಹೆಂಡತಿಯ ಮೇಲೆ ಕೈ ಎತ್ತಲಿಲ್ಲ. ಇದು ನಿಜ, ಒಪ್ಪಬೇಕು. ಸೋಪೇ ನನ್ನನ್ನ ಮನುಷ್ಯನ್ನ ಮಾಡ್ತು ಎಂದು ಹೇಳಿಕೊಂಡು ತಿರುಗಿದ. ಬಚ್ಚಲಿನಲ್ಲಿ ಬಟ್ಟಲಿಗೆ ಬ್ರಶ್ಶು ಬಡಿಯುವ ಟಕಟಕ ಶುರುವಾದರೆ ಹೆಂಡತಿ ಕೈಯಲ್ಲಿದ್ದ ಪಾತ್ರೆಯನ್ನು ಸದ್ದಿಲ್ಲದೆ ಕೆಳಗಿಡುತ್ತಿದ್ದಳು. ಮಗಳು ಪುಸ್ತಕ ಮುಚ್ಚಿ ಅಮ್ಮನ ಹತ್ತಿರ ಬಂದು ನಿಲ್ಲುತ್ತಿದ್ದಳು. ಒಳಗಿದ್ದವನಿಗೆ ಅದು ಶಾಂತಿ. ಹೊರಗೆ ನಿಂತವರಿಗೆ ಏನಾಗಿತ್ತು ಎಂದು ಅವನು ಒಂದು ದಿನವೂ ಕೇಳಲಿಲ್ಲ.

ಮಗಳನ್ನು ಟೈಲ್ಸ್ ಅಂಗಡಿಯವನಿಗೆ ಕೊಟ್ಟರು. ಮೃದು ಮಾತಿನ ಹುಡುಗ, ಗ್ರಾಹಕರನ್ನು ಅಕ್ಕ ಅಣ್ಣ ಎಂದು ಕರೆಯುವವನು. ಮದುವೆಯಾಗಿ ಏಳನೇ ತಿಂಗಳಿಗೆ ಮಗಳು ಒಂದು ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿಸಿಕೊಂಡು ತವರಿಗೆ ಬಂದಳು. ಗುದ್ದಪ್ಪ ನೋಡಿದ. ಮೂಲೆಯಲ್ಲಿದ್ದ ಸುತ್ತಿಗೆಗೆ ಕೈ ಹಾಕಿದ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಹಲ್ಲು ಕಡಿಯುತ್ತಾ ಬಚ್ಚಲಿಗೆ ಹೋದ ಗುದ್ದಪ್ಪ ಲಂಗರಿನ ಸೋಪು ತೆಗೆದು, ಬ್ರಶ್ಶಿನ ಕೂದಲು ಕಿತ್ತುಬರುವಂತೆ ತಿಕ್ಕಿದ. ಕೆನ್ನೆ ಎರಡು ಕಡೆ ಕುಯ್ದುಕೊಂಡ. ನೊರೆಯಲ್ಲಿ ರಕ್ತ ಬೆರೆತು ಕುತ್ತಿಗೆಗೆ ಇಳಿಯುತ್ತಿದ್ದಾಗಲೇ ಅಳಿಯ ಬಂದ.

ಅಳಿಯ ಮಾವನ ಎರಡೂ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತ. "ಮಾವ, ನಾನು ಕೆಟ್ಟವನಲ್ಲ. ಕೋಪ ಬಂದ್ರೆ ನನ್ನ ಕೈ ನನ್ನ ಮಾತು ಕೇಳಲ್ಲ."

ಗುದ್ದಪ್ಪನಿಗೆ ತಾನೇ ಎದುರು ನಿಂತಂತೆ ಕಂಡಿತು. ತನ್ನದೇ ಮಾತು, ಆಗಿನ ತನ್ನದೇ ವಯಸ್ಸು. ಅಲ್ಲಿಗೆ ಅವನ ಬುದ್ಧಿ ಹಳ್ಳ ಹಿಡಿಯಿತು. ಹಾವಿಗೆ ಹಾಲೆರೆಯುವವರನ್ನು ಕಂಡಿದ್ದೇವೆ, ಇವನು ಹಾವಿಗೆ ಸೋಪು ಕೊಟ್ಟ. ಮೇಲಿನ ಹಲಗೆಯಿಂದ ಹುಂಜದ ಸೋಪು ತೆಗೆದು ಅಳಿಯನ ಅಂಗೈಯಲ್ಲಿಟ್ಟು, ಬಿಸಿನೀರು, ಬ್ರಶ್ಶು, ಅರ್ಧ ಗಂಟೆ, ಎಲ್ಲವನ್ನೂ ಹೇಳಿಕೊಟ್ಟ.

"ಅಪ್ಪ, ನಾನು ಹೋಗಲ್ಲ" ಅಂದಳು ಮಗಳು.

"ನಾನು ಸರಿ ಹೋಗ್ಲಿಲ್ವಾ? ಬೇಕಾದ್ರೆ ನಿಮ್ಮಮ್ಮನ್ನ ಕೇಳು."

ಹೆಂಡತಿ ನೆಲ ನೋಡುತ್ತಾ ನಿಂತಿದ್ದಳು, ಮಾತಾಡಲಿಲ್ಲ. ಗುದ್ದಪ್ಪ ಅದನ್ನು ಹೌದೆಂದು ತಿಳಿದ. ತಾನೇ ಮಗಳ ಚೀಲ ಹೊತ್ತುಕೊಂಡು ಹೋಗಿ ಬಸ್ಸಿನಲ್ಲಿ ಕೂರಿಸಿ ಬಂದ.

ಮೂರು ವಾರ ಕಳೆಯಿತು. ವರ್ಕ್‌ಶಾಪಿಗೆ ಫೋನು ಬಂತು, ಮಗಳು ಆಸ್ಪತ್ರೆಯಲ್ಲಿದ್ದಾಳೆಂದು. ದವಡೆ ಎರಡು ಕಡೆ ಮುರಿದಿತ್ತು. ಬಲಗಡೆಯ ಹೆಗಲಿನ ಮೂಳೆ ಮುರಿದಿತ್ತು. ಹಲ್ಲುಗಳನ್ನು ತಂತಿಯಿಂದ ಬಿಗಿದು ಬಾಯಿ ಕಟ್ಟಿದ್ದರು. ಅಳಿಯ ಮಂಚದ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದ.

"ಬಚ್ಚಲಲ್ಲಿ ಜಾರಿ ಬಿದ್ಲು ಮಾವ. ನೀವು ಕೊಟ್ಟ ಸೋಪು ನೆಲದ ಮೇಲಿತ್ತು, ನೋಡದೆ ಕಾಲಿಟ್ಟಿದ್ದಾಳೆ. ನನ್ನ ಅಂಗಡಿ ಟೈಲ್ಸ್ ಬೇರೆ, ಬೆಣ್ಣೆ ಥರ ಜಾರತ್ತೆ."

ತನ್ನ ಟೈಲ್ಸು ಜಾರುತ್ತದೆ ಎಂದು ಒಪ್ಪಿಕೊಂಡ ಟೈಲ್ಸ್ ವ್ಯಾಪಾರಿ ಲೋಕದಲ್ಲಿ ಅವನೊಬ್ಬನೇ ಇರಬೇಕು. ಆದರೆ ಗುದ್ದಪ್ಪನಿಗೆ ಆಗ ಅದು ಹೊಳೆಯಲಿಲ್ಲ. ಜಾರಿ ಬಿದ್ದೆಯಾ ಎಂದು ಡಾಕ್ಟರು ಕೇಳಿದಾಗ, ಗಂಡನನ್ನು ಎದುರಿಗಿಟ್ಟುಕೊಂಡು ಮಗಳು ತಲೆಯಾಡಿಸಿದ್ದಳಂತೆ. ಕಾಗದದಲ್ಲಿ ಹಾಗೆಯೇ ಬರೆದಾಗಿತ್ತು. ನಾಲ್ಕು ದಿನ ಬಿಟ್ಟು ಗಂಡ ಸಹಿ ಹಾಕಿ ಮನೆಗೆ ಕರೆದುಕೊಂಡು ಹೋಗಬಹುದು ಎಂದೂ ಹೇಳಿದ್ದರು. ಗುದ್ದಪ್ಪ ಕಾರಿಡಾರಿನ ಗೋಡೆಗೆ ಹಣೆ ಚಚ್ಚಿಕೊಂಡ. ನನ್ನ ಸೋಪು, ನನ್ನ ಮಗಳ ದವಡೆ ಎಂದು ಬಡಬಡಿಸಿದ. ಹಣೆ ಒಡೆದು ರಕ್ತ ಬಂತು.

ಮಗಳ ಬಟ್ಟೆ ತರಲು ಗಂಡ ಹೆಂಡತಿ ಇಬ್ಬರೂ ಅಳಿಯನ ಮನೆಗೆ ಹೋದರು. ಬೀಗ ತೆಗೆಯಲು ಅಳಿಯನೂ ಜೊತೆಗೆ ಬಂದ. ಹೆಂಡತಿ ಕೋಣೆಯಲ್ಲಿ ಬಟ್ಟೆ ಆರಿಸುತ್ತಿದ್ದಾಗ ಗುದ್ದಪ್ಪ ಬಚ್ಚಲಿಗೆ ಹೋದ. ಬಿಳಿ ಟೈಲ್ಸು, ಮೇಲೆ ಶವರು, ತಲೆಗಿಂತ ಎತ್ತರದಲ್ಲಿ ಓಣಿಯ ಕಡೆಗೆ ತೆರೆದ ಸಣ್ಣ ಕಿಟಕಿ. ಮೂಲೆಯಲ್ಲಿ ಸೋಪು ಬಿದ್ದಿತ್ತು, ನೋಡಿದವರಿಗೆ ಕಾಣಲಿ ಎಂದೇ ಇಟ್ಟಂತೆ.

ಕೈಗೆತ್ತಿಕೊಂಡ. ಒಣಗಿತ್ತು. ಹೆಬ್ಬೆರಳಿನಿಂದ ಸವರಿದ. ಹುಂಜದ ಜುಟ್ಟಿನ ಐದು ಹಲ್ಲೂ ಗರಗಸದಂತೆ ಚುಚ್ಚಿದವು. ಬಾಲದ ಗರಿಗಳ ಗೆರೆ ಒಂದೊಂದೂ ಎಣಿಸುವ ಹಾಗಿತ್ತು. ಈ ಸೋಪು ಇಲ್ಲಿಯವರೆಗೆ ಒಂದು ತೊಟ್ಟು ನೀರು ಕಂಡಿರಲಿಲ್ಲ. ಒದ್ದೆ ನೆಲದಲ್ಲಿ ಬಿದ್ದಿರಲಿಲ್ಲ, ಒದ್ದೆ ಕಾಲಿನ ಕೆಳಗೆ ಸಿಕ್ಕಿರಲಿಲ್ಲ. ಒಂದು ಅಂಚು ಮಾತ್ರ ಹೊಸದಾಗಿ ಒಡೆದು ಬೆಳ್ಳಗೆ ಕಾಣುತ್ತಿತ್ತು. ಡಬ್ಬಿಯ ನೊರೆ ಬಳಸುವ ಅಳಿಯನಿಗೆ ಸೋಪೆಂದರೆ ಜಾರುತ್ತದೆ ಎಂಬುದಷ್ಟೇ ಗೊತ್ತಿತ್ತು.

ಅಷ್ಟರಲ್ಲಿ ಕೋಣೆಯಿಂದ ಹೆಂಡತಿ ಕೂಗಿದಳು. "ಇಲ್ಲಿ ನೋಡ್ರೀ, ಈ ಟವಲು!" ಮಾಸಿದ ಬಟ್ಟೆಗಳ ತಳದಲ್ಲಿ ಒಂದು ಟವಲು ಸಿಕ್ಕಿತ್ತು, ಬಚ್ಚಲಿಗೆ ಕಾಣುವಂತೆ ಎತ್ತಿ ಹಿಡಿದಿದ್ದಳು. ಒಂದು ತುದಿಯಲ್ಲಿ ಅರೆಬರೆ ಬಿಚ್ಚಿದ ಗಂಟು, ಗಂಟಿನಲ್ಲಿ ಸೋಪಿನ ಬಿಳಿ ಚೂರು, ಸುತ್ತ ಕಂದುಗಟ್ಟಿದ ರಕ್ತ.

ಟವಲಿನಲ್ಲಿ ಸೋಪು ಕಟ್ಟಿ, ಗದೆಯಂತೆ ಬೀಸಿ ಬೀಸಿ ಹೊಡೆದಿದ್ದ. ಗುದ್ದಪ್ಪ ಸಿಟ್ಟು ಇಳಿಸಲೆಂದು ಕೊಟ್ಟ ಸೋಪಿನಿಂದಲೇ ಅವನ ಮಗಳ ದವಡೆ ಪುಡಿಯಾಗಿತ್ತು.

ಬಚ್ಚಲ ಬಾಗಿಲಲ್ಲಿ ಅಳಿಯ ನಿಂತಿದ್ದ. ಗುದ್ದಪ್ಪನ ಬಾಯಿ ಸುಮ್ಮನಿರಬೇಕಿತ್ತು. ಇರಲಿಲ್ಲ. "ಇದು ನೀರೇ ಕಂಡಿಲ್ಲ ಕಣೋ! ಇದರ ಮೇಲೆ ಯಾರೂ ಜಾರಿಲ್ಲ!"

ಅಳಿಯ ದಡ್ಡನೇನಲ್ಲ. ಒಂದೇ ಹೆಜ್ಜೆಗೆ ಒಳನುಗ್ಗಿ ಶವರು ತಿರುಗಿಸಿದ. "ಕೋಪ ಬಂತಾ ಮಾವ? ತಗೊಳ್ಳಿ ನೀರು, ನೊರೆ ಬರ್ಸ್ಕೊಳ್ಳಿ" ಅಂದ.

ಮೇಲಿನಿಂದ ನೀರು ಸುರಿಯಿತು. ಸೋಪು ನೆಂದರೆ ಸುಳ್ಳು ಗೆಲ್ಲುತ್ತದೆ. ಗುದ್ದಪ್ಪ ಸೋಪು ಹಿಡಿದ ಕೈಯನ್ನು ಮೇಲಿನ ಕಿಟಕಿಯಿಂದ ಆಚೆ ಚಾಚಿದ. ಇನ್ನೊಂದು ಕೈಯಿಂದ ಕಿಟಕಿಯ ಕಂಬಿ ಹಿಡಿದು ಹಿಮ್ಮಡಿ ಎತ್ತಿ ನಿಂತ. ಕೆಳಗೆ ಚರಂಡಿ ನೀರು ಹರಿಯುತ್ತಿತ್ತು, ಬಿಟ್ಟರೆ ನೇರ ಅದರೊಳಗೆ. ಅಳಿಯ ಕೈ ಎಳೆದ, ಬರಲಿಲ್ಲ. ಇಪ್ಪತ್ತೆಂಟು ವರ್ಷ ಸುತ್ತಿಗೆ ಎತ್ತಿದ ಕೈ. ಆಗ ಅಳಿಯ ಬಾಗಿಲ ಮೂಲೆಯಲ್ಲಿದ್ದ, ಟೈಲ್ಸು ಕೂರಿಸುವ ರಬ್ಬರ್ ಸುತ್ತಿಗೆ ಎತ್ತಿಕೊಂಡ.

ಮೊದಲ ಏಟು ಪಕ್ಕೆಗೆ. ಎರಡನೆಯದು ಅದೇ ಜಾಗಕ್ಕೆ. ಒಳಗೆ ಏನೋ ಮುರಿದದ್ದು ಗುದ್ದಪ್ಪನಿಗೆ ಕೇಳಿಸಿತು. ಮೂರನೆಯದು ಕಿವಿಯ ಹಿಂದೆ. ನಾಲ್ಕನೆಯದು ಬಾಯಿಗೆ ಬಿದ್ದು ಹಲ್ಲು ಕಿತ್ತುಬಂದು ನಾಲಗೆಯ ಮೇಲೆ ಬಿತ್ತು. ಜೀವಮಾನವೆಲ್ಲ ಸುತ್ತಿಗೆ ಬೀಸಿದವನು ಅಂದು ಪಟ್ಟಿಯಂತೆ ಏಟು ತಿಂದ. ಕಣ್ಣಿಗೆ ರಕ್ತವೂ ನೀರೂ ಇಳಿದು ಏನೂ ಕಾಣುತ್ತಿರಲಿಲ್ಲ. ಹಿಂದಕ್ಕೆ ಒಂದು ಸಲ ಮೊಣಕೈ ಬೀಸಿದ್ದರೂ ಅಳಿಯನ ಎದೆಗೂಡು ಒಳಗೆ ಹೋಗುತ್ತಿತ್ತು. ಅದಕ್ಕೆ ಕಂಬಿ ಬಿಡಬೇಕಿತ್ತು, ಬಿಡಲಿಲ್ಲ.

ಹೆಂಡತಿ ಟವಲು ಹಿಡಿದುಕೊಂಡೇ ಓಣಿಗೆ ಓಡಿದ್ದಳು. ಅಲ್ಲಿ ಕಿಟಕಿಯಿಂದ ಹೊರಗೆ ಚಾಚಿದ ಒಂದು ಕೈ, ಕೈಯಲ್ಲಿ ಸೋಪು, ಒಳಗೆ ಧಪ್ ಧಪ್ ಸದ್ದು. ಅವಳು ಕಿರುಚಿದ್ದಕ್ಕೆ ಎದುರು ಮನೆಯ ದರ್ಜಿ, ಪಕ್ಕದ ಮನೆಯ ನರ್ಸು ಹೊರಗೆ ಬಂದರು. ಕಲ್ಲಿನ ಮೇಲೆ ಹತ್ತಿ, ಗಂಡನ ಬೆರಳು ಬಿಡಿಸಿ, ಸೋಪನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಆಮೇಲೆ ಕಿಟಕಿಗೆ ಬಾಯಿಟ್ಟು ಕೂಗಿದಳು. "ಸಿಕ್ತು! ನೀವು ಹೊಡೀಬೇಡಿ! ನೀವು ಕೈ ಎತ್ತಿದ್ರೆ ಮಾವ ಅಳಿಯನ ಹೊಡೆದಾಟ ಅಂತ ಬರ್ಕೋತಾರೆ, ಅವಳು ಮತ್ತೆ ಇದೇ ಮನೆಗೆ!"

ಈಗ ಗುದ್ದಪ್ಪನ ಎರಡೂ ಕೈ ಖಾಲಿ. ತಿರುಗಿದ. ಅಳಿಯನ ಮುಖ ಒಂದು ಮೊಳ ದೂರದಲ್ಲಿತ್ತು. ಮತ್ತೆ ಬೀಸಿದ ರಬ್ಬರ್ ಸುತ್ತಿಗೆಯನ್ನು ಗುದ್ದಪ್ಪ ಗಾಳಿಯಲ್ಲೇ ಹಿಡಿದ, ಕಿತ್ತುಕೊಂಡ. ಅಳಿಯ ಗೋಡೆಗೆ ಅಂಟಿ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದ. ಹೊಡೆಯಬೇಕು ಅನ್ನಿಸಿತು. ಆ ಮುಖವನ್ನು ಟೈಲ್ಸಿಗೆ ಅರೆದು ಚಟ್ನಿ ಮಾಡಬೇಕು ಅನ್ನಿಸಿತು. ಸೋಪಿರಲಿಲ್ಲ, ಬ್ರಶ್ಶಿರಲಿಲ್ಲ. ಗುದ್ದಪ್ಪ ಸುತ್ತಿಗೆಯನ್ನು ನೆಲದ ಮೇಲಿಟ್ಟು, ಗೋಡೆಗೆ ಒರಗಿ ಕುಸಿದು ಕೂತ. ದರ್ಜಿಯೂ ನರ್ಸೂ ಬಂದು ನೋಡಿದಾಗ ಹಾಗೆಯೇ ಕೂತಿದ್ದ.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡವರು ಒಬ್ಬ ನಡುವಯಸ್ಸಿನ ಮಹಿಳಾ ಕಾನ್‌ಸ್ಟೇಬಲ್. ಸಂಗ್ರಹಕಾರರನ್ನೂ ಕರೆಸಿದರು. ಅವರು ಸೋಪನ್ನು ಬೆಳಕಿಗೆ ಹಿಡಿದು, ನೀರು ಸೋಕಿಲ್ಲ, ಬೇಕಾದರೆ ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ ಅಂದರು. ಟವಲು, ಸೋಪು ಎರಡನ್ನೂ ಬೇರೆ ಬೇರೆ ಚೀಲದಲ್ಲಿ ಹಾಕಿ ಅರಗು ಹಚ್ಚಿದರು. ಅಳಿಯನನ್ನು ಒಳಗೆ ಕೂರಿಸಿದರು.

"ಇಂಥವನಿಗೆ ಸೋಪು ಯಾಕೆ ಕೊಟ್ರಿ?" ಅಂದರು ಕಾನ್‌ಸ್ಟೇಬಲ್.

"ನಾನೂ ಇವಳ ಕೈ ಮುರಿದಿದ್ದೆ, ಮೇಡಂ. ನನ್ನ ಕೈ ನನ್ನ ಮಾತು ಕೇಳ್ತಿರಲಿಲ್ಲ. ಸೋಪಿನಿಂದ ಸರಿಹೋದೆ. ಇವನೂ ಹೋಗ್ತಾನೆ ಅಂದ್ಕೊಂಡೆ."

ಆಕೆ ಪೆನ್ನು ನಿಲ್ಲಿಸಿ, ಅವನ ಒಡೆದ ಬಾಯಿ, ಪಟ್ಟಿ ಸುತ್ತಿದ ಪಕ್ಕೆ ನೋಡಿದರು. "ಇವತ್ತು ಕೇಳ್ತಲ್ಲ?"

ಪಕ್ಕದಲ್ಲಿದ್ದ ಹೆಂಡತಿ ಗೋಡೆ ನೋಡುತ್ತಾ ಹೇಳಿದಳು. "ಯಾವತ್ತೂ ಕೇಳ್ತಿತ್ತು ಮೇಡಂ. ವರ್ಕ್‌ಶಾಪಿನ ಮಾಲೀಕ ಇವರಿಗೆ ತಾಯಿ ಮೇಲೆಲ್ಲ ಬೈದಿದ್ದಾನೆ. ಅವನ ಮೇಲೆ ಒಂದ್ಸಲಾನೂ ಎದ್ದಿಲ್ಲ ಈ ಕೈ."

ಕಾನ್‌ಸ್ಟೇಬಲ್ ಮತ್ತೆ ಬರೆಯತೊಡಗಿದರು.

ಮರುದಿನ ಬೆಳಗ್ಗೆ ಆಸ್ಪತ್ರೆಯಲ್ಲಿ ಗುದ್ದಪ್ಪ ಮಗಳ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತ. ಉಸಿರೆಳೆದರೆ ಪಕ್ಕೆ ಚುಚ್ಚುತ್ತಿತ್ತು. "ಅವನ ಮನೆಗೆ ನೀನು ಹೋಗಲ್ಲ. ಡಾಕ್ಟ್ರಿಗೂ ಹೇಳಾಯ್ತು. ಹೋಗಲ್ಲ ಅಂತ ನೀನು ಅಂದಾಗ ಕಳಿಸಿದ್ದು ನಾನು. ನಿನ್ನ ದವಡೆ ಮುರಿದಿದ್ರಲ್ಲಿ ನಂದೂ ಪಾಲಿದೆ" ಅಂದ. ಹೇಳುವಾಗ ಹುಡುಗನಂತೆ ಅತ್ತ.

ಮಗಳು ಮಾತಾಡುವಂತಿರಲಿಲ್ಲ, ಬಲಗೈ ಎತ್ತುವಂತಿರಲಿಲ್ಲ. ಎಡಗೈಯಿಂದ ನರ್ಸಿನ ಪೆನ್ಸಿಲು ತೆಗೆದುಕೊಂಡು ಕಾಗದದ ಮೇಲೆ ಸೊಟ್ಟಸೊಟ್ಟಗೆ ಬರೆದು ಅವನ ಕಡೆ ತಿರುಗಿಸಿದಳು. 'ಅಮ್ಮನಿಗೆ ಯಾವತ್ತಾದ್ರೂ ಹೀಗೆ ಹೇಳಿದ್ರಾ?'

ಗುದ್ದಪ್ಪ ತಲೆಯೆತ್ತಿದ. ಹೆಂಡತಿ ಕಿಟಕಿಯ ಹತ್ತಿರ ನಿಂತು, ತಂದ ಬಟ್ಟೆಗಳನ್ನು ಮಡಚುತ್ತಿದ್ದಳು. ಇಪ್ಪತ್ನಾಲ್ಕು ವರ್ಷದಲ್ಲಿ ಅವನು ಇನ್ನೂರು ಸೋಪು ತಂದಿದ್ದ. ಈ ಒಂದು ಮಾತು ತಂದಿರಲಿಲ್ಲ. ಸ್ಟೂಲಿನಿಂದ ಎದ್ದ, ಪಕ್ಕೆ ಹಿಡಿದುಕೊಂಡು ಅವಳ ಮುಂದೆ ಹೋಗಿ ನಿಂತ.

"ಅವತ್ತು ನನ್ನ ಕೈ ನನ್ನ ಮಾತು ಕೇಳಿತ್ತು ಕಣೇ. ನಾನು ಬೇಕಂತಲೇ ನಿನ್ನ ಕೈ ಮುರಿದೆ."

ಹೆಂಡತಿಯ ಕೈಯಲ್ಲಿದ್ದ ಬಟ್ಟೆ ಜಾರಿತು. ಇಷ್ಟು ವರ್ಷ ಅವನೆದುರು ಒಂದು ಹನಿ ಕಣ್ಣೀರು ಹಾಕದವಳು, ಅಲ್ಲೇ ನೆಲದ ಮೇಲೆ ಕೂತು, ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಅತ್ತಳು.

"ಗೊತ್ತಿತ್ತು ನಂಗೆ" ಅಂದಳು. "ಅವತ್ತೇ ಗೊತ್ತಿತ್ತು."